ರೇಡಿಯೋದ ರಾಜಕೀಯ ಮಾತಿಗೆ ವಯಸ್ಸಾಯಿತೇ?



"ರೇಡಿಯೋದಲ್ಲಿ ಹಾಡು ಕೇಳುವುದು ಸರಿ. ಆದರೆ ರಾಜಕೀಯದ ಮಾತು, ಚರ್ಚೆ, ವಾರ್ತೆ... ಅದನ್ನೆಲ್ಲ ಈಗ ಯಾರು ಕೇಳುತ್ತಾರೆ? ಅಜ್ಜಂದಿರು ಮಾತ್ರ!" ನನ್ನ ವಯಸ್ಸಿನ ಗೆಳೆಯರು ಹೀಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೇಳುವವರಿಗೆ ವಯಸ್ಸಾಗಿದೆ, ನಿಜ. ಹಾಗಿದ್ದೂ ಆ ಮಾತು ನಿಂತಿಲ್ಲವಲ್ಲ, ಯಾಕೆ? ಈ ಸಲದ ಪತ್ರಿಕೆಯಲ್ಲಿ ನಾವು ನೀವು ಕೂಡಿ ಇದರ ಇತಿಹಾಸವನ್ನು ಸ್ವಲ್ಪ ನೋಡೋಣ. ನಮ್ಮ ಮುಂಬಯಿಯಿಂದಲೇ ನೋಡೋಣ, ಏಕೆಂದರೆ ಈ ಕಥೆಯ ಬಹುಪಾಲು ನಡೆದದ್ದು ಇಲ್ಲೇ.

ಮೊದಲ ಮಾತೇ ರಾಜಕೀಯ

ರೇಡಿಯೋ ಹುಟ್ಟಿದ್ದು ಹಾಡಿಗಾಗಿ ಎಂದು ನಮಗೆ ಅನಿಸುತ್ತದೆ. ಆದರೆ 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ನಿಲಯ ಹೆಸರು ಮಾಡಿದ್ದು ಚುನಾವಣೆಯ ಫಲಿತಾಂಶವನ್ನು ಓದಿ. ಹಾರ್ಡಿಂಗ್ ಗೆದ್ದರೋ ಕಾಕ್ಸ್ ಗೆದ್ದರೋ ಎಂಬುದನ್ನು ಜನ ಮರುದಿನದ ಪತ್ರಿಕೆ ಬರುವ ಮೊದಲೇ ಮನೆಯಲ್ಲಿ ಕುಳಿತು ಕೇಳಿದರು. 1933ರ ಮಾರ್ಚಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬ್ಯಾಂಕುಗಳು ಮುಚ್ಚಿದ್ದ ಹೊತ್ತಿನಲ್ಲಿ ರೇಡಿಯೋದ ಮುಂದೆ ಕುಳಿತು, ಮನೆಯ ಹಿರಿಯರು ಮಾತಾಡುವ ಹಾಗೆ ಜನರೊಡನೆ ಮಾತಾಡಿದರು. ಭಾಷಣದ ವೇದಿಕೆ ಹೋಗಿ ಮನೆಯ ಜಗಲಿ ಬಂತು. ರೇಡಿಯೋದ ರಾಜಕೀಯ ಮಾತಿನ ಗುಟ್ಟು ಅಲ್ಲಿದೆ. ಅದು ಸಾವಿರಾರು ಜನರಿಗೆ ಹೇಳುವ ಮಾತಾದರೂ ಕೇಳುವ ಕಿವಿಗೆ ಒಬ್ಬರಿಗೇ ಹೇಳಿದ ಹಾಗೆ ಇರುತ್ತದೆ.

ನಮ್ಮಲ್ಲಿ 1923ರ ಜೂನಿನಲ್ಲಿ ಮುಂಬಯಿಯ ರೇಡಿಯೋ ಕ್ಲಬ್ ಪ್ರಸಾರ ಶುರು ಮಾಡಿತು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ನಿಲಯವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದರು. ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್ ಶುಲ್ಕ. ರೇಡಿಯೋ ಕೊಳ್ಳುವ ಶಕ್ತಿ ಇದ್ದವರು ಕಡಿಮೆ, ಕಂಪನಿ ಮೂರು ವರ್ಷ ತುಂಬುವ ಮೊದಲೇ, 1930ರಲ್ಲಿ, ಮುಚ್ಚಿಹೋಯಿತು. "ಈ ರೇಡಿಯೋ ನಡೆಯುವ ವ್ಯವಹಾರವಲ್ಲ" ಎಂದು ಲೆಕ್ಕ ಹಾಕಿದವರಿಗೆ ಆಗಲೂ ಕೊರತೆ ಇರಲಿಲ್ಲ ಎಂದಾಯಿತು! ಸರಕಾರ ಅದನ್ನು ವಹಿಸಿಕೊಂಡಿತು, 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. ಅದಕ್ಕೂ ಒಂದು ವರ್ಷ ಮೊದಲು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಿಲಯ ಕಟ್ಟಿ 'ಆಕಾಶವಾಣಿ' ನಡೆಸಿದ್ದರು. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆ ನಮ್ಮ ಮೈಸೂರಿನ ಆ ಹೆಸರನ್ನೇ ತನ್ನದಾಗಿಸಿಕೊಂಡದ್ದು ನಿಮಗೆ ಗೊತ್ತೇ ಇದೆ.

ಆದರೆ ಬ್ರಿಟಿಷರ ರೇಡಿಯೋದಲ್ಲಿ ಜನರ ರಾಜಕೀಯಕ್ಕೆ ಜಾಗವಿರಲಿಲ್ಲ. ಆ ಜಾಗವನ್ನು ಮುಂಬಯಿಯ ಒಬ್ಬ ಕಾಲೇಜು ಹುಡುಗಿ ಮಾಡಿಕೊಂಡಳು.

42.34 ಮೀಟರಿನ ಧೈರ್ಯ

1942ರ ಆಗಸ್ಟ್ 8ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ 'ಭಾರತ ಬಿಟ್ಟು ತೊಲಗಿ' ಕರೆ ಹೊರಟಿತು. ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲ ಸೆರೆಮನೆಯಲ್ಲಿ. ಪತ್ರಿಕೆಗಳ ಬಾಯಿ ಕಟ್ಟಿತ್ತು. ಆಗ ವಿಲ್ಸನ್ ಕಾಲೇಜಿನಲ್ಲಿ ಓದಿದ್ದ ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತ ರೇಡಿಯೋ ನಿಲಯ ಕಟ್ಟಿದರು. ಆಗಸ್ಟ್ ಕೊನೆಯಲ್ಲಿ 42.34 ಮೀಟರಿನ ತರಂಗದಲ್ಲಿ ಕಾಂಗ್ರೆಸ್ ರೇಡಿಯೋ ಮಾತಾಡತೊಡಗಿತು. ಭಾರತದ ಎಲ್ಲಿಂದಲೋ ಮಾತಾಡುತ್ತಿದ್ದೇವೆ ಎಂದಷ್ಟೇ ಅದರ ವಿಳಾಸ. ಪೊಲೀಸರು ಬೆನ್ನು ಹತ್ತಿದಂತೆ ಟ್ರಾನ್ಸ್‌ಮಿಟರ್ ಚೌಪಾಟಿಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಯಿತು. ರಾಮಮನೋಹರ ಲೋಹಿಯಾ ಅವರ ಬೆಂಬಲ ಇದಕ್ಕಿತ್ತು. ಸರಕಾರಿ ರೇಡಿಯೋ ಹೇಳದ ಸುದ್ದಿಗಳನ್ನು, ಚಿಮೂರು ಮತ್ತು ಆಷ್ಟಿಯಲ್ಲಿ ನಡೆದ ದೌರ್ಜನ್ಯವನ್ನೂ, ಇದು ಹೇಳಿತು. ಸುಮಾರು ಮೂರು ತಿಂಗಳ ಬಳಿಕ, ನವೆಂಬರ್ 12ರಂದು, ಪೊಲೀಸರು ಬಾಗಿಲು ಒಡೆದು ಒಳಬಂದರು. ಉಷಾ ಮೆಹ್ತಾ ಹೊರಬಂದದ್ದು 1946ರಲ್ಲಿ.

ಒಂದು ವಿಷಯ ಗಮನಿಸಿ. ಈ ಪ್ರಸಾರವನ್ನು ಎಷ್ಟು ಜನ ಕೇಳಿದರು ಎಂಬ ಲೆಕ್ಕದಿಂದ ಅದರ ಬೆಲೆ ಕಟ್ಟಲಾಗದು. ರೇಡಿಯೋ ಇದ್ದ ಮನೆಗಳೇ ಕಡಿಮೆ. ಕೇಳಿದ ಒಬ್ಬ ಹತ್ತು ಜನರಿಗೆ ಹೇಳಿದ, ಆ ಹತ್ತು ಜನ ಬೀದಿಗೆ ಒಯ್ದರು. ರಾಜಕೀಯ ಮಾತಿನ ಕೇಳುಗನನ್ನು ತಲೆ ಎಣಿಸಿ ಅಳೆಯುವುದು ಆಗಲೂ ತಪ್ಪಾಗಿತ್ತು, ಈಗಲೂ ತಪ್ಪು.

ರಾತ್ರಿ ಬರುವ ಧಾರವಾಡ

ಈಗ ನಮ್ಮ ಮನೆಯ ಕಥೆಗೆ ಬರೋಣ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. 1950ರ ಜನವರಿ 8ರಂದು ಧಾರವಾಡದಲ್ಲಿ ನಿಲಯ ಆರಂಭವಾಯಿತು, 1955ರಲ್ಲಿ ಬೆಂಗಳೂರಿನಲ್ಲಿ, 1976ರಲ್ಲಿ ಮಂಗಳೂರಿನಲ್ಲಿ. ಮಧ್ಯಮ ತರಂಗದ ಗುಣ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಹಗಲು ಅದು ಸುತ್ತಲಿನ ಜಿಲ್ಲೆಗಳನ್ನು ಮುಟ್ಟುತ್ತದೆ. ಕತ್ತಲಾದ ಮೇಲೆ ಆಕಾಶದ ಮೇಲ್ಪದರಕ್ಕೆ ತಾಗಿ ಹಿಂದಿರುಗಿ ನೂರಾರು ಕಿಲೋಮೀಟರು ದಾಟುತ್ತದೆ. ಹಾಗಾಗಿ ಧಾರವಾಡದ 765 ಕಿಲೋಹರ್ಟ್ಸ್ ಮುಂಬಯಿಗೆ ರಾತ್ರಿಯ ನೆಂಟ. ಗರಗರ ಸದ್ದಿನ ನಡುವೆ ಮುಳ್ಳನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಟ್ರಾನ್ಸಿಸ್ಟರನ್ನು ಕಿಟಕಿಯ ಕಡೆಗೆ ಹಿಡಿದು ಊರಿನ ವಾರ್ತೆ ಕೇಳಿದವರು ನಮ್ಮ ಚಾಳುಗಳಲ್ಲಿ, ಹೋಟೆಲಿನ ಹಿಂದಿನ ಖೋಲಿಗಳಲ್ಲಿ ಎಷ್ಟೋ ಮಂದಿ.

ಅವರು ಯಾಕೆ ಅಷ್ಟು ಕಷ್ಟಪಟ್ಟು ಕೇಳುತ್ತಿದ್ದರು? 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದವು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಮುಂಬಯಿ ಕನ್ನಡಿಗ ಇಲ್ಲೇ ಉಳಿದ. 1960ರ ಮೇ 1ರಂದು ಮಹಾರಾಷ್ಟ್ರ ಬಂತು. ಬೆಳಗಾವಿಯ ಪ್ರಶ್ನೆ ಬಗೆಹರಿಯಲಿಲ್ಲ. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಕೊಟ್ಟಿತು. ಅದೇ 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತು, ದಕ್ಷಿಣದವರ ವಿರುದ್ಧ ಚಳವಳಿ ಎದ್ದಿತು. 1969ರ ಫೆಬ್ರುವರಿಯಲ್ಲಿ ಗಡಿ ವಿವಾದದ ಹೆಸರಿನಲ್ಲಿ ಈ ನಗರದಲ್ಲಿ ದೊಡ್ಡ ಗಲಭೆಯೇ ಆಯಿತು.

ಆ ದಿನಗಳಲ್ಲಿ ಉಡುಪಿ ಹೋಟೆಲಿನ ಯಜಮಾನನಿಗೆ ರೇಡಿಯೋದ ರಾಜಕೀಯ ಕಾಲಹರಣದ ವಿಷಯವಾಗಿರಲಿಲ್ಲ. ನಾಳೆ ಶಟರ್ ಎತ್ತಬೇಕೋ ಬೇಡವೋ ಎಂಬ ಪ್ರಶ್ನೆ ಅದು. ಮುಂಬಯಿ ನಿಲಯದ ಮರಾಠಿ ವಾರ್ತೆ ಒಂದು ಕಿವಿಗೆ, ಧಾರವಾಡದ ಕನ್ನಡ ವಾರ್ತೆ ಇನ್ನೊಂದು ಕಿವಿಗೆ. ಎರಡೂ ಒಂದೇ ಆಕಾಶವಾಣಿ, ಒಂದೇ ಸರಕಾರಿ ಭಾಷೆ. ಆದರೂ ಯಾವುದು ಮೊದಲು ಬಂತು, ಯಾವುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು, ಯಾವುದನ್ನು ಬಿಟ್ಟರು ಎಂದು ತೂಗಿ ನೋಡುವುದನ್ನು ಈ ನಗರದ ಕನ್ನಡಿಗ ಕಲಿತ. ಎರಡು ಭಾಷೆಯ ನಡುವೆ ಬದುಕುವವನಿಗೆ ಬರುವ ವಿದ್ಯೆ ಇದು. ಇವತ್ತು ನಾವು 'ವಯಸ್ಸಾದ ಕೇಳುಗರು' ಎಂದು ಕರೆಯುವವರು ಈ ಶಾಲೆಯಲ್ಲಿ ಪಾಸಾದವರು.

ಬಾಯಿ ಕಟ್ಟಿದಾಗ

1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿಯವರು ತುರ್ತು ಪರಿಸ್ಥಿತಿಯ ಸುದ್ದಿಯನ್ನು ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯಲ್ಲೇ. ಮುಂದಿನ ಇಪ್ಪತ್ತೊಂದು ತಿಂಗಳು ಆಲ್ ಇಂಡಿಯಾ ರೇಡಿಯೋವನ್ನು ಜನ 'ಆಲ್ ಇಂದಿರಾ ರೇಡಿಯೋ' ಎಂದು ಕರೆದರು. 1976ರ ಮೇ ತಿಂಗಳಲ್ಲಿ ಕಿಶೋರ್ ಕುಮಾರ್ ಹಾಡುಗಳೂ ಆಕಾಶವಾಣಿಯಿಂದ ಮಾಯವಾದವು, ಸರಕಾರ ಕರೆದಾಗ ಅವರು ಹಾಡಲು ಹೋಗಲಿಲ್ಲ ಎಂಬ ಕಾರಣಕ್ಕೆ. ಹಾಡಿಗೇ ಹೀಗಾದ ಮೇಲೆ ಮಾತಿನ ಗತಿ ಕೇಳಬೇಕೆ?

ಮಂಗಳೂರಿನಿಂದ ಬಂದು ಈ ನಗರದ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ಆಗ ಭೂಗತರಾಗಿದ್ದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದವರು, 1974ರ ರೈಲ್ವೆ ಮುಷ್ಕರ ನಡೆಸಿದವರು. ಅವರು ಎಲ್ಲಿದ್ದಾರೆ, ಏನಾದರು ಎಂದು ತಿಳಿಯಲು ಇಲ್ಲಿನ ಕನ್ನಡಿಗರು, ತುಳುವರು, ಕೊಂಕಣಿಗರು ಕಾತರಿಸುತ್ತಿದ್ದ ಕಾಲದಲ್ಲಿ ನಮ್ಮ ರೇಡಿಯೋ ಆ ಬಗ್ಗೆ ತುಟಿ ಬಿಚ್ಚುವಂತಿರಲಿಲ್ಲ. ಆಗ ಜನ ಶಾರ್ಟ್ ವೇವ್‌ಗೆ ತಿರುಗಿ ಬಿಬಿಸಿ ಹಿಡಿದರು. 1984ರ ಅಕ್ಟೋಬರ್ 31ರಂದು ಮತ್ತೆ ಹಾಗೇ ಆಯಿತು. ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ಬಿಬಿಸಿ ಹೇಳಿ ಗಂಟೆಗಳು ಕಳೆದ ಮೇಲೆ, ಸಂಜೆ, ಆಕಾಶವಾಣಿ ಅದನ್ನು ಹೇಳಿತು.

ಇಲ್ಲಿ ಒಂದು ಪಾಠ ಕಾಣುತ್ತದೆ. ಮಾತು ಸಪ್ಪೆಯಾದಾಗ ಜನ ಕೇಳುವುದನ್ನು ಬಿಡಲಿಲ್ಲ, ನಿಲಯ ಬದಲಿಸಿದರು. 1977ರಿಂದ ಚುನಾವಣೆಯ ಹೊತ್ತಿನಲ್ಲಿ ರಾಜಕೀಯ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಉಚಿತ ಸಮಯ ಕೊಡುವ ಕ್ರಮ ಬಂತು. ವಿರೋಧ ಪಕ್ಷದವರ ಧ್ವನಿಯೂ ಸರಕಾರಿ ಮೈಕಿನಿಂದ ಮನೆಗೆ ಬರತೊಡಗಿತು. ಇದು ಸಣ್ಣ ಬದಲಾವಣೆ ಎನಿಸಬಹುದು. ಅದಕ್ಕೂ ಮುಂಚಿನ ಎರಡು ವರ್ಷ ನೆನಪಿದ್ದವರಿಗೆ ಅದು ಸಣ್ಣದಾಗಿರಲಿಲ್ಲ.

ಹಾಡು ಬಂತು, ಮಾತು ಹೊರಗೆ ನಿಂತಿತು

1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಗಾಳಿಯ ತರಂಗಗಳು ಸಾರ್ವಜನಿಕ ಸೊತ್ತು ಎಂದು ತೀರ್ಪು ಕೊಟ್ಟಿತು. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಬಂತು, 2002ರಲ್ಲಿ ಮುಂಬಯಿಯಲ್ಲೂ ಸಾಲು ಸಾಲಾಗಿ ಬಂದವು. ಆದರೆ ಖಾಸಗಿ ನಿಲಯಗಳಿಗೆ ವಾರ್ತೆ ಮತ್ತು ಪ್ರಚಲಿತ ವಿದ್ಯಮಾನ ನಿಷಿದ್ಧ. 2011ರ ನೀತಿಯಲ್ಲಿ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು ಎಂದರು. ಸಂಚಾರ, ಹವಾಮಾನ, ನೀರು, ವಿದ್ಯುತ್ತಿನ ಮಾಹಿತಿ ಹೇಳಬಹುದು ಎಂದರು. ಅದರಾಚೆ ಗೆರೆ.

ಇದರಿಂದ ಏನಾಗುತ್ತದೆ ಎಂದು ನನ್ನ ಮೈಕಿನ ಮುಂದೆ ಕುಳಿತು ನೋಡಿ. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತಿದೆ, ಲೋಕಲ್ ತಡ ಎಂದು ನಾನು ಹೇಳಬಹುದು. ಪ್ರತಿ ವರ್ಷ ಯಾಕೆ ನಿಲ್ಲುತ್ತದೆ, ಯಾರನ್ನು ಕೇಳಬೇಕು ಎಂದು ನಾವಿಬ್ಬರೂ ಚರ್ಚಿಸುವಂತಿಲ್ಲ. ಡೊಂಬಿವಲಿಯಿಂದ ಹಿರಿಯರೊಬ್ಬರು ಹಾಡು ಕೇಳಲು ಫೋನ್ ಮಾಡಿ, "ಅಲ್ಲ, ಊರಲ್ಲಿ ಈ ಸಲ ಯಾವ ಪಕ್ಷ ಬರ್ತದಂತೆ?" ಎಂದರೆ ನಾನು ನಕ್ಕು ಹಾಡು ಹಾಕಬೇಕು. ಚುನಾವಣೆ ಬಂದಾಗ ಇನ್ನೂ ತಮಾಷೆ. ಪೂರ್ವಾನುಮತಿ ಪಡೆದ ಪಕ್ಷದ ಜಾಹೀರಾತನ್ನು ಹಣ ಪಡೆದು ಪ್ರಸಾರ ಮಾಡಬಹುದು. ಆ ಜಾಹೀರಾತಿನಲ್ಲಿ ಹೇಳಿದ್ದು ನಿಜವೇ ಎಂದು ಕೇಳುಗರು ಪ್ರಶ್ನೆ ಹಾಕಿದರೆ ಅದು ರಾಜಕೀಯ! 2023ರ ಸೆಪ್ಟೆಂಬರಿನಲ್ಲಿ ಟ್ರಾಯ್ ಸಂಸ್ಥೆ ಖಾಸಗಿ ಎಫ್‌ಎಂಗೆ ಗಂಟೆಗೆ ಹತ್ತು ನಿಮಿಷ ವಾರ್ತೆಗೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಬೇರೆ, ಅನುಮತಿ ಬೇರೆ ಎಂಬುದು ನಿಮಗೆ ಗೊತ್ತು.

ಮಾತಿನ ಹಸಿವು ಹರೆಯದವರಿಗೆ ಇಲ್ಲ ಎನ್ನುವವರು 2005ರ ಜುಲೈ 26ನ್ನು ನೆನಪಿಸಿಕೊಳ್ಳಲಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಫೋನು ಸಿಗುತ್ತಿಲ್ಲ, ದೀಪವಿಲ್ಲ, ರೈಲಿಲ್ಲ. ಆ ರಾತ್ರಿ ಎಲ್ಲಿ ನೀರಿದೆ, ಎಲ್ಲಿ ಆಸರೆ ಇದೆ ಎಂದು ಜನ ರೇಡಿಯೋಕ್ಕೆ ಕಿವಿಗೊಟ್ಟರು. ಆ ರಾತ್ರಿ ಯಾರೂ ಹಾಡು ಕೇಳಲಿಲ್ಲ.

ಹಾಗಾದರೆ ಉಳಿಯುವುದು ಹೇಗೆ?

ರಾಜಕೀಯ ಹರಟೆಯ ರೇಡಿಯೋ ದೊಡ್ಡ ಉದ್ಯಮವೇ ಆದದ್ದು ಅಮೆರಿಕದಲ್ಲಿ. ಅಲ್ಲಿ ಹಾಡುಗಳು ಸ್ಪಷ್ಟ ಧ್ವನಿಯ ಎಫ್‌ಎಂಗೆ ಹೋದ ಮೇಲೆ ಹಳೆಯ ಎಎಂ ನಿಲಯಗಳು ಖಾಲಿ ಬಿದ್ದವು. ಎರಡೂ ಪಕ್ಷದ ಮಾತಿಗೆ ಅವಕಾಶ ಕೊಡಬೇಕೆಂಬ 1949ರ ನಿಯಮವನ್ನು 1987ರಲ್ಲಿ ತೆಗೆದುಹಾಕಿದರು. 1988ರಲ್ಲಿ ರಶ್ ಲಿಂಬಾ ಎಂಬವರ ಕಾರ್ಯಕ್ರಮ ದೇಶವ್ಯಾಪಿಯಾಯಿತು. 2021ರಲ್ಲಿ ಅವರು ತೀರಿಕೊಳ್ಳುವವರೆಗೂ, ಕೇಳುಗರು ತಮ್ಮೊಂದಿಗೇ ಮುದುಕರಾಗುತ್ತಿದ್ದರೂ, ಅದು ನಡೆಯಿತು. ಅವರ ನಂತರವೂ ಆ ಬಗೆಯ ಮಾತು ನಿಂತಿಲ್ಲ.

ಅದರ ಲೆಕ್ಕ ಸರಳ. ಒಂದು ಮೈಕು, ಒಂದು ಫೋನು, ಮಾತು ಬಲ್ಲ ಒಬ್ಬ ಮನುಷ್ಯ ಇದ್ದರೆ ಮೂರು ಗಂಟೆ ತುಂಬುತ್ತದೆ. ಹಾಡಿಗಾದರೆ ಹಕ್ಕುದಾರರಿಗೆ ಹಣ ಕಟ್ಟಬೇಕು. ಹಾಡಿನ ಕೇಳುಗ ಇಷ್ಟವಿಲ್ಲದ ಹಾಡು ಬಂದ ಕೂಡಲೇ ನಿಲಯ ಬದಲಿಸುತ್ತಾನೆ. ಮಾತಿನ ಕೇಳುಗ, ಅದರಲ್ಲೂ ಹಿರಿಯ, ಕೊನೆಯವರೆಗೆ ಕೂರುತ್ತಾನೆ. ಬೈಯುತ್ತಲಾದರೂ ಕೂರುತ್ತಾನೆ! ಜಾಹೀರಾತು ಕೊಡುವವನಿಗೆ ಅಂಥ ಕಿವಿ ಬೇಕು. ರಾಜಕಾರಣಿಗೂ ಬೇಕು, ಏಕೆಂದರೆ ಮತಗಟ್ಟೆಗೆ ತಪ್ಪದೆ ಹೋಗುವವರಲ್ಲಿ ಹಿರಿಯರು ಮುಂದು. ನಮ್ಮಲ್ಲೂ 2014ರ ಅಕ್ಟೋಬರಿನಲ್ಲಿ ಪ್ರಧಾನಿಯವರು ತಿಂಗಳ ಮಾತಿಗೆ ಆಯ್ದುಕೊಂಡದ್ದು ರೇಡಿಯೋವನ್ನು. ಟಿವಿ ಮತ್ತು ಮೊಬೈಲಿನ ಕಾಲದಲ್ಲಿ 'ಮನ್ ಕಿ ಬಾತ್' ಆಕಾಶವಾಣಿಯಿಂದ ಹೊರಟದ್ದು ಸುಮ್ಮನೆ ಅಲ್ಲ.

ಇನ್ನೊಂದು ಕಾರಣ ನಮ್ಮ ಅಡುಗೆಮನೆಯಲ್ಲಿ, ಟ್ಯಾಕ್ಸಿಯಲ್ಲಿ, ಹೋಟೆಲಿನ ಗಲ್ಲಾದಲ್ಲಿ ಇದೆ. ಕೈಗೆ ಕೆಲಸವಿದ್ದು ಕಿವಿ ಖಾಲಿ ಇರುವ ಹೊತ್ತು ಎಲ್ಲರ ಬದುಕಿನಲ್ಲೂ ಇರುತ್ತದೆ. ಇಪ್ಪತ್ತರಲ್ಲಿ ಆ ಹೊತ್ತನ್ನು ಹಾಡು ತುಂಬುತ್ತದೆ. ಮನೆಯ ಸಾಲ, ಮಕ್ಕಳ ಶಾಲೆ, ಊರಿನ ಜಮೀನಿನ ಪಹಣಿ, ತಾಯಿಯ ಔಷಧಿ ಎಂದು ಹೊಣೆ ಹೆಗಲಿಗೆ ಬಂದ ಮೇಲೆ ಸರಕಾರ ಏನು ಮಾಡುತ್ತಿದೆ ಎಂದು ತಿಳಿಯುವ ಆಸೆ ತಾನಾಗಿ ಹುಟ್ಟುತ್ತದೆ. ರಾಜಕೀಯದ ಕೇಳುಗ ಹುಟ್ಟುವುದೇ ನಲವತ್ತರ ಆಸುಪಾಸಿನಲ್ಲಿ. ಅವನ ವಯಸ್ಸು ನೋಡಿ 'ಕೊನೆಯ ಪೀಳಿಗೆ' ಎಂದು ತಿಳಿದವರು ಅವನ ಹಿಂದೆ ಬರುತ್ತಿರುವವರನ್ನು ನೋಡುವುದಿಲ್ಲ. ಹಾಗೆ ಬರುವವರಲ್ಲಿ ಹಲವರು ಇವತ್ತು ರೇಡಿಯೋ ಪೆಟ್ಟಿಗೆಗೆ ಬರುವುದಿಲ್ಲ, ಮೊಬೈಲಿನ ಪಾಡ್‌ಕಾಸ್ಟಿಗೆ ಹೋಗುತ್ತಾರೆ. ಆಗಲಿ. ಅಲ್ಲಿಯೂ ಅವರಿಗೆ ಬೇಕಾದದ್ದು ಒಂದು ಧ್ವನಿ, ಒಂದು ವಾದ, ನಂಬಬಹುದಾದ ಒಬ್ಬ ಮನುಷ್ಯ.

ಹಾಗೆಂದು ಎಲ್ಲವೂ ತಾನಾಗಿ ಉಳಿಯುತ್ತದೆ ಎಂದು ಕೂರುವಂತಿಲ್ಲ. 1940ರಲ್ಲಿ ಶುರುವಾದ ಬಿಬಿಸಿ ಹಿಂದಿಯ ಶಾರ್ಟ್ ವೇವ್ ಪ್ರಸಾರ 2020ರ ಜನವರಿ ಕೊನೆಯಲ್ಲಿ ನಿಂತಿತು. ತುರ್ತು ಪರಿಸ್ಥಿತಿಯಲ್ಲಿ ಕತ್ತಲಲ್ಲಿ ಹುಡುಕಿದ ದಾರಿಯೇ ಅದು. ಕೇಳುಗರು ಇನ್ನೂ ಇದ್ದರು, ಆದರೆ ಪ್ರಸಾರ ನಡೆಸುವವರ ಲೆಕ್ಕ ಬೇರೆಯಾಗಿತ್ತು. ನನಗೆ ಭಯವಿರುವುದು ಇಲ್ಲಿ. ಕೇಳುಗರ ತಲೆ ನರೆತದ್ದಕ್ಕಿಂತ, ಅವರು ತಿರುಗಿ ಪ್ರಶ್ನೆ ಕೇಳಲು ಗೆರೆಯೇ ಇಲ್ಲದಿರುವುದು ಹೆಚ್ಚು ಅಪಾಯ. ಒಂದೇ ಕಡೆಯಿಂದ ಬರುವ ಮಾತು ಎಷ್ಟು ಚೆನ್ನಾಗಿದ್ದರೂ ಸಂವಾದವಾಗದು. ಮರಾಠಿ, ಹಿಂದಿ, ಇಂಗ್ಲಿಷಿನ ನಡುವೆ ಬದುಕುವ ಮುಂಬಯಿ ಕನ್ನಡಿಗನಿಗೆ ತನ್ನ ಭಾಷೆಯಲ್ಲಿ ಊರಿನ ಬಗ್ಗೆಯೂ ಈ ನಗರದ ಬಗ್ಗೆಯೂ ಪ್ರಶ್ನೆ ಕೇಳುವ ಜಾಗ ಎಲ್ಲಿದೆ, ಹೇಳಿ?

ಅಲ್ಲಿಯವರೆಗೆ ಇರುವುದನ್ನಾದರೂ ಬಳಸೋಣ. ಆಕಾಶವಾಣಿಯ 'ನ್ಯೂಸ್ ಆನ್ ಏರ್' ಆ್ಯಪ್‌ನಲ್ಲಿ ಧಾರವಾಡ, ಬೆಂಗಳೂರು, ಮಂಗಳೂರು ನಿಲಯಗಳು ಮುಳ್ಳು ತಿರುಗಿಸದೆಯೇ, ಗರಗರ ಇಲ್ಲದೆಯೇ ಸಿಗುತ್ತವೆ. ನಿಮ್ಮ ಮನೆಯ ಹಿರಿಯರ ಮೊಬೈಲಿಗೆ ಅದನ್ನು ಹಾಕಿಕೊಡಿ. ಹಾಕಿಕೊಟ್ಟು ಎದ್ದು ಹೋಗಬೇಡಿ, ಬೆಳಗಿನ ಪ್ರದೇಶ ಸಮಾಚಾರವನ್ನು ಒಂದು ದಿನ ಜೊತೆಗೆ ಕುಳಿತು ಕೇಳಿ. ವಾರ್ತೆ ಮುಗಿದ ಮೇಲೆ ಅವರು ಏನು ಹೇಳುತ್ತಾರೆ ಎಂಬುದನ್ನೂ ಕೇಳಿ. ಯಾವುದನ್ನು ಹೇಳಿದರು, ಯಾವುದನ್ನು ಬಿಟ್ಟರು ಎಂದು ಅವರು ಹಿಡಿಯುವ ರೀತಿ ನಮಗೆ ಯಾವ ಕಾಲೇಜಿನಲ್ಲೂ ಕಲಿಸಿಲ್ಲ.

ನಿಮ್ಮಲ್ಲಿ ಯಾರಾದರೂ 1969ರ ಆ ದಿನಗಳಲ್ಲಿ, 1975ರಲ್ಲಿ, 1984ರಲ್ಲಿ ಮುಂಬಯಿಯಲ್ಲಿ ರೇಡಿಯೋ ಕೇಳಿದ್ದರೆ ನಮಗೆ ಒಂದು ಪತ್ರ ಬರೆಯಿರಿ. ಯಾವ ನಿಲಯ, ರಾತ್ರಿ ಎಷ್ಟು ಗಂಟೆ, ಪೆಟ್ಟಿಗೆ ಯಾರ ಖೋಲಿಯಲ್ಲಿತ್ತು, ಯಾರು ಯಾರು ಸುತ್ತ ಕುಳಿತಿದ್ದರು ಎಂದು ಬರೆಯಿರಿ. ಇತಿಹಾಸದ ಪುಸ್ತಕದಲ್ಲಿ ನಿಲಯ ತೆರೆದ ತಾರೀಖು ಸಿಗುತ್ತದೆ, ಕೇಳಿದವರ ಹೆಸರು ಸಿಗುವುದಿಲ್ಲ. ಅದನ್ನು ನಾವೇ ಬರೆದಿಡಬೇಕು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕೇಳಿದ್ದನ್ನು ಪ್ರಶ್ನಿಸುತ್ತಿರಿ. ನಮಸ್ಕಾರ.